ಕೈಯಿಂದ ಕಲಿತ ನೆಗೆತಕ್ಕೆ ಮೋಸದ ಹಣೆಪಟ್ಟಿ

ಕಳೆದ ಭಾನುವಾರ ರಾತ್ರಿ ಕೌಂಟರ್-ಸ್ಟ್ರೈಕ್ 1.6 ಎಂಬ ಗುಂಡಿನ ಕಾಳಗದ ಕಂಪ್ಯೂಟರ್ ಆಟದ ಒಂದು ಸರ್ವರ್‌ನಿಂದ ನನ್ನನ್ನು ಹೊರಹಾಕಿ, ಮತ್ತೆ ಕಾಲಿಡದಂತೆ ಶಾಶ್ವತ ನಿಷೇಧ ಹೇರಿದರು. ಕಾರಣದ ಜಾಗದಲ್ಲಿ ಬರೆದದ್ದು ಒಂದೇ ಪದ: ಸ್ಕ್ರಿಪ್ಟ್, ಅಂದರೆ ಕೈಯ ಬದಲು ತಾನೇ ಕೀ ಒತ್ತುವ ಪ್ರೋಗ್ರಾಂ. ನಾನು ಮಾಡಿದ್ದಿಷ್ಟೇ, ಡಸ್ಟ್ 2 ಮ್ಯಾಪ್‌ನ ಲಾಂಗ್ ದಾರಿಯಲ್ಲಿ ನೆಲ ತಾಗಿದೊಡನೆ ವೇಗ ಕಳೆಯದೆ ಮತ್ತೆ ಹಾರುವ ಆರು ಬನ್ನಿ ಹಾಪ್‌ಗಳನ್ನು ಒಂದರ ಬೆನ್ನಿಗೊಂದು ಕೂಡಿಸಿ ಎದುರಾಳಿಗಿಂತ ಮೊದಲು ತುದಿ ಮುಟ್ಟಿದೆ.

ಆ ಆರು ನೆಗೆತಗಳ ಹಿಂದೆ ನನ್ನ ಎರಡು ವರ್ಷಗಳಿವೆ. ನೆಲಕ್ಕೆ ಕಾಲು ತಾಗಿದ ಮರುಫ್ರೇಮಿನಲ್ಲೇ (ಪರದೆಯ ಮುಂದಿನ ಚಿತ್ರದಲ್ಲೇ) ಮತ್ತೆ ನೆಗೆಯದಿದ್ದರೆ ಘರ್ಷಣೆಯ ಲೆಕ್ಕ ಶುರುವಾಗಿ, ಕಷ್ಟಪಟ್ಟು ಕೂಡಿಸಿದ ವೇಗವೆಲ್ಲ ಸೋರಿಹೋಗುತ್ತದೆ; ಸೆಕೆಂಡಿಗೆ ನೂರು ಫ್ರೇಮುಗಳಿದ್ದರೆ ಒಂದು ಫ್ರೇಮೆಂದರೆ ಕೇವಲ 10 ಮಿಲಿಸೆಕೆಂಡು. ಅದಕ್ಕಾಗಿಯೇ ನೆಗೆತವನ್ನು ಮೌಸಿನ ಚಕ್ರಕ್ಕೆ ಕಟ್ಟಿಕೊಂಡು, ಗಾಳಿಯಲ್ಲಿರುವಾಗ ಮುಂದಕ್ಕೆ ಓಡಿಸುವ ಡಬ್ಲ್ಯೂ ಕೀಯನ್ನು ಪೂರ್ತಿ ಬಿಟ್ಟು, ಎಡಕ್ಕೆ ಸರಿಸುವ ಎ ಒತ್ತಿದಾಗ ಮೌಸನ್ನು ಎಡಕ್ಕೂ ಬಲಕ್ಕೆ ಸರಿಸುವ ಡಿ ಒತ್ತಿದಾಗ ಬಲಕ್ಕೂ ನಯವಾಗಿ ಹೊರಳಿಸುವುದನ್ನು ಮಣಿಕಟ್ಟು ನೋಯುವವರೆಗೆ ಖಾಲಿ ಮ್ಯಾಪ್‌ಗಳಲ್ಲಿ ಒಬ್ಬನೇ ಕುಳಿತು ಅಭ್ಯಾಸ ಮಾಡಿದ್ದೇನೆ.

ಈ ವಿದ್ಯೆಯ ಮೂಲ ಆಟದ ಲೆಕ್ಕದಲ್ಲೇ ಇದೆ. 1996ರ ಕಂಪ್ಯೂಟರ್ ಆಟ ಕ್ವೇಕ್‌ನಲ್ಲಿ ವೇಗದ ಮಿತಿಯನ್ನು ಆಟಗಾರನ ಒಟ್ಟು ವೇಗಕ್ಕೆ ಹಾಕದೆ, ಅವನು ಒತ್ತಿದ ದಿಕ್ಕಿನಲ್ಲಿ ಆ ವೇಗದ ಎಷ್ಟು ಪಾಲಿದೆ ಎಂಬುದಕ್ಕೆ ಮಾತ್ರ ಹಾಕಿದ್ದರಿಂದ, ಗಾಳಿಯಲ್ಲಿ ಸರಿಯಾದ ಕೋನದಲ್ಲಿ ತಿರುಗುವವನಿಗೆ ಪ್ರತಿ ಫ್ರೇಮಿನಲ್ಲೂ ಒಂದಿಷ್ಟು ವೇಗ ದಕ್ಕುತ್ತಿತ್ತು. ಅದರ ಎಂಜಿನ್ನಿನಿಂದ (ಆಟ ನಡೆಸುವ ಮೂಲ ಸಾಫ್ಟ್‌ವೇರಿನಿಂದ) ಬೆಳೆದ ಹಾಫ್-ಲೈಫ್‌ಗೂ, ಹಾಫ್-ಲೈಫ್‌ನ ಮಾಡ್ (ಅಭಿಮಾನಿಗಳ ಮಾರ್ಪಾಟು) ಆಗಿ ಹುಟ್ಟಿದ ಕೌಂಟರ್-ಸ್ಟ್ರೈಕ್‌ಗೂ ಈ ಗುಣ ಇಳಿದುಬಂತು. ಇದು ದೋಷವಲ್ಲವೆಂದು ನಾನು ವಾದಿಸುವುದಿಲ್ಲ. 1999ರಲ್ಲಿ ಕ್ವೇಕ್ 3 ತಯಾರಾಗುತ್ತಿದ್ದಾಗ ಅದರ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅವರೇ, ಹೀಗೆ ಹೊರಳುತ್ತ ನೆಗೆದು ವೇಗ ಕೂಡಿಸುವ ಸ್ಟ್ರೇಫ್ ಜಂಪಿಂಗನ್ನು ದೋಷವೆಂದು ಕರೆದಿದ್ದರು, ಆದರೆ ತೆಗೆಯಲು ಹೋದರೆ ಸಾಮಾನ್ಯ ಓಟವೂ ಕೆಡುತ್ತದೆಂಬುದನ್ನೂ ಅವರೇ ಬರೆದರು. ನಾವು ಆಡುವ 1.6ರಲ್ಲಂತೂ ಕಡಿವಾಣ ಒಳಗೇ ಇದೆ: ಚಾಕು ಹಿಡಿದವನ ಓಟದ ವೇಗ ಆಟದ ಅಳತೆಯಲ್ಲಿ 250, ನೆಗೆಯುವ ಕ್ಷಣದಲ್ಲಿ ಅದು 300 ದಾಟಿದ್ದರೆ ಆಟವೇ ಅದನ್ನು 240ಕ್ಕೆ ಕತ್ತರಿಸುತ್ತದೆ. ಆ ಕಿರಿದಾದ ಅಂತರದೊಳಗೆ ವೇಗವನ್ನು ಹಿಡಿದಿಟ್ಟುಕೊಳ್ಳುವುದೇ ನಮ್ಮ ಸಾಧನೆ.

ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಅದೇ ಸರ್ವರ್‌ನಲ್ಲಿ, ಅಡ್ಮಿನ್‌ಗೆ ಬೇಕಾದ ಒಬ್ಬ ಆಟಗಾರ ಸ್ಪೇಸ್‌ಬಾರನ್ನು ಒತ್ತಿ ಹಿಡಿದು ಬಿಡುತ್ತಾನೆ, ಉಳಿದದ್ದನ್ನೆಲ್ಲ ಮ್ಯಾಕ್ರೋ ಮಾಡುತ್ತದೆ. ಇಡೀ ರಾತ್ರಿ ಅವನ ಒಂದು ನೆಗೆತವೂ ತಪ್ಪುವುದಿಲ್ಲ, ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕೈ ಯಾವುದು, ಯಂತ್ರ ಯಾವುದು ಎಂಬ ಗೆರೆ ಎಳೆಯಲು ಸಾಧ್ಯವೇ ಇಲ್ಲವೆನ್ನುವ ಹಾಗೂ ಇಲ್ಲ. ಹಾರ್ಡ್‌ವೇರೇ ಆಟಗಾರನ ಪರವಾಗಿ ಕೌಂಟರ್-ಸ್ಟ್ರೇಫ್ (ತಟ್ಟನೆ ನಿಲ್ಲಲು ಎದುರು ದಿಕ್ಕಿನ ಕೀ ಒತ್ತುವುದು) ಮಾಡಿಕೊಡುವುದನ್ನು ಆಟದ ಕಂಪನಿ ವಾಲ್ವ್ 2024ರ ಆಗಸ್ಟ್‌ನಲ್ಲಿ ಕೌಂಟರ್-ಸ್ಟ್ರೈಕ್ 2ರ ತನ್ನ ಅಧಿಕೃತ ಸರ್ವರ್‌ಗಳಲ್ಲಿ ನಿಷೇಧಿಸಿತು, ಕೈಯಿಂದ ಮಾಡುವವರನ್ನು ಮುಟ್ಟಲಿಲ್ಲ. ಮನಸ್ಸಿದ್ದರೆ ಇಲ್ಲೂ ಅದು ಆಗುತ್ತಿತ್ತು.

ನನ್ನ ಕೀಗಳ ಹೊಂದಾಣಿಕೆಯಿರುವ ಕಾನ್ಫಿಗ್ ಫೈಲನ್ನು ಕಳುಹಿಸಿದೆ, ಉತ್ತರವಿಲ್ಲ. ಆ ರಾತ್ರಿಯ ಡೆಮೊವನ್ನು (ಆಟದ ಧ್ವನಿಮುದ್ರಿತ ದಾಖಲೆಯಂಥ ರೆಕಾರ್ಡಿಂಗನ್ನು) ಕಳುಹಿಸಿದೆ, ನೋಡುವಷ್ಟು ಪುರುಸೊತ್ತಿಲ್ಲವೆಂದರು. ನಿಷೇಧ ಹೇರಲು ಮಾತ್ರ ಅರೆಕ್ಷಣ ಸಾಕಾಯಿತು. ಆ ಡೆಮೊದಲ್ಲಿ ಆರು ನೆಗೆತಗಳು ಕೂಡಿದ್ದು ಒಂದೇ ಸಲ. ಅದಕ್ಕೂ ಮುಂಚೆ ಎರಡನೆಯದಕ್ಕೋ ಮೂರನೆಯದಕ್ಕೋ ತಪ್ಪಿ, ನೆಲಕ್ಕೆ ಅಂಟಿದವನಂತೆ ನಿಂತು, ಗುಂಡು ತಿಂದು ಸತ್ತದ್ದು ಎಷ್ಟೋ ಸಲ. ಸ್ಕ್ರಿಪ್ಟ್ ಹಾಗೆ ತಪ್ಪುವುದಿಲ್ಲ, ಕೈ ತಪ್ಪುತ್ತದೆ. ನನ್ನ ಹೆಸರಿನ ಮುಂದೆ ಮೋಸಗಾರನೆಂದು ಬರೆಯುವ ಮೊದಲು ಆ ತಪ್ಪುಗಳನ್ನಾದರೂ ಒಮ್ಮೆ ನೋಡಬೇಕಿತ್ತು.