ಸ್ಪಷ್ಟನೆ: ಕಾರ್ಕಳದ ಕಪ್ಪೆ ಮತ್ತು ಅದರ ಮೈಮೇಲಿನ ಅಣಬೆ

2023ರ ಜೂನ್‌ನಲ್ಲಿ ಕಾರ್ಕಳ ತಾಲ್ಲೂಕಿನ ಮಾಳದಲ್ಲಿ, ರಸ್ತೆಬದಿಯ ಮಳೆನೀರಿನ ಹೊಂಡವೊಂದರ ಬಳಿ ಕಂಡ ಕಪ್ಪೆಯ ಪಕ್ಕೆಯಲ್ಲಿ ಪುಟ್ಟ ಅಣಬೆ ಮೂಡಿತ್ತು. ಆ ಚಿತ್ರದೊಂದಿಗೆ, ‘ಕಪ್ಪೆಗಳನ್ನು ಕೊಲ್ಲುವ ಹೊಸ ಅಣಬೆ ಪಶ್ಚಿಮಘಟ್ಟದಲ್ಲಿ ಹಬ್ಬುತ್ತಿದೆ’ ಎಂಬ ಒಕ್ಕಣೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಕಪ್ಪೆ ಆಗ ಜೀವಂತವಾಗಿಯೇ ಇತ್ತು. ಜಗತ್ತಿನ ಹಲವೆಡೆ ಕಪ್ಪೆಗಳ ಸಾಮೂಹಿಕ ಸಾವಿಗೆ ಕಾರಣವಾದ ಕೈಟ್ರಿಡ್ ಶಿಲೀಂಧ್ರವೇ ಬೇರೆ. ಅದು ಅಣಬೆಯನ್ನು ಬಿಡುವುದೇ ಇಲ್ಲ. ಚಿತ್ರ ನೋಡಿದ ತಜ್ಞರು ಗುರುತಿಸಿದ್ದು ಮೈಸೀನಾ ಕುಲವನ್ನು. ಈ ಕುಲದ ಅಣಬೆಗಳು ಹೆಚ್ಚಾಗಿ ಕೊಳೆತ ಮರ, ತರಗೆಲೆಗಳ ಮೇಲೆ ಬೆಳೆಯುವಂಥವು.

‘ಹೊಸ ಪ್ರಭೇದ’ ಎಂಬ ಮಾತಿಗೂ ಆಧಾರವಿಲ್ಲ. ಕಪ್ಪೆಯನ್ನು ಹಿಡಿಯಲಿಲ್ಲ, ಅಣಬೆಯ ಮಾದರಿಯನ್ನೂ ತೆಗೆಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಬೀಜಕಣಗಳನ್ನು ಅಳೆಯದೆ, ಡಿಎನ್ಎ ಹೋಲಿಸದೆ ಮೈಸೀನಾದಂಥ ದೊಡ್ಡ ಕುಲದಲ್ಲಿ ಪ್ರಭೇದವನ್ನು ಚಿತ್ರದಿಂದಲೇ ನಿರ್ಧರಿಸುವುದು ಬಹುಮಟ್ಟಿಗೆ ಅಸಾಧ್ಯ. ಜಗತ್ತಿನಲ್ಲಿ ಸುಮಾರು 25 ಲಕ್ಷ ಶಿಲೀಂಧ್ರ ಪ್ರಭೇದಗಳಿರಬಹುದೆಂಬ ಅಂದಾಜಿದ್ದು, ಹೆಸರು ಪಡೆದಿರುವುದು ಒಂದೂವರೆ ಲಕ್ಷದಷ್ಟು ಮಾತ್ರ ಎಂಬುದು ನಿಜ. ಹಾಗೆಂದು ಅಪರಿಚಿತವಾಗಿ ಕಂಡದ್ದೆಲ್ಲ ಹೊಸದಾಗುವುದಿಲ್ಲ.

ಇಂಥದ್ದು ಕಣ್ಣಿಗೆ ಬಿದ್ದರೆ ಕಪ್ಪೆಯನ್ನು ಮುಟ್ಟದೆ, ಚಿತ್ರದೊಂದಿಗೆ ಜಾಗ ಮತ್ತು ದಿನಾಂಕವನ್ನು ದಾಖಲಿಸಬೇಕು. ಮರದ ಮೇಲಿನ ಅಣಬೆಯಾದರೆ ಮೇಲಿನ ಕೊಡೆಯಷ್ಟೇ ಸಾಲದು. ಅಡಿಯ ಪದರಗಳು, ಕಾಂಡದ ಬುಡ, ಅದು ಬೆಳೆದ ಮರ ಇಷ್ಟೂ ಚಿತ್ರದಲ್ಲಿರಲಿ.