ಕರಾರಿನಲ್ಲಿ ಎಲ್ಲರ ಹೆಸರೂ ಇರಲಿ

ಜೂನ್ ಬಂತು ಅಂದರೆ ಕಲಬುರಗಿಯಲ್ಲಿ ಮನೆ ಹುಡುಕುವವರ ಓಡಾಟ ಜಾಸ್ತಿ. ಸೇಡಂ, ಚಿಂಚೋಳಿ, ಅಫಜಲಪುರ, ಆ ಕಡೆ ಯಾದಗಿರಿ, ಶಹಾಪುರದಿಂದ ಓದಲು, ಕೆಲಸಕ್ಕೆ ಬಂದವರು ಪಿಜಿ ಊಟ ಸಾಕಾಗಿ, ಮೂರ್ನಾಲ್ಕು ಜನ ಸೇರಿ ಮನೆ ಹಿಡಿಯೋಣ ಅನ್ನುತ್ತಾರೆ. ಹಿಡಿಯಿರಿ. ನಿಮ್ಮದೇ ಮನೆಯ ಕೀಲಿ ಮೊದಲ ಸಲ ಕೈಗೆ ಬರುವುದು ಎಷ್ಟು ಖುಷಿ ಅಂತ ನನಗೆ ಗೊತ್ತು. ಆದರೆ ಒಂದು ಮಾತು ಕೇಳಿ. ಬಾಡಿಗೆ ಕರಾರಿನಲ್ಲಿ ಅಲ್ಲಿ ಇರುವವರೆಲ್ಲರ ಹೆಸರೂ ಬರೆಸಿ. ಒಬ್ಬರ ಹೆಸರು ಹಾಕಿ ಉಳಿದವರು ಹಾಗೇ ಇರುವುದು ಬೇಡ.

ದುಡ್ಡಿನ ಮಾತು ಆಮೇಲೆ ಹೇಳುತ್ತೇನೆ. ಅದಕ್ಕೂ ಮುಂಚೆ ಜಾತಿಯ ಮಾತು.

ನಾವು ಮೂವರು ಗೆಳತಿಯರು ಮನೆ ನೋಡಲು ಹೋದಾಗ, ಬಾಡಿಗೆ ಎಷ್ಟು ಅಂತ ನಾವು ಕೇಳುವ ಮೊದಲೇ ಅವರು ಕೇಳುತ್ತಿದ್ದರು, "ನೀವ್ ಯಾವ ಮಂದಿ ಅವ್ವಾ?" ಕೆಲವರು ನೇರವಾಗಿ ಕೇಳುವುದಿಲ್ಲ. ಅಡ್ಡಹೆಸರು ಕೇಳುತ್ತಾರೆ. ಅಪ್ಪ ಏನು ಮಾಡುತ್ತಾರೆ, ಊರಲ್ಲಿ ಮನೆ ಯಾವ ಓಣಿಯಲ್ಲಿ ಅಂತ ಕೇಳುತ್ತಾರೆ. ಓಣಿ ಹೇಳಿದರೆ ಸಾಕು, ಉಳಿದದ್ದು ಅವರಿಗೆ ತಿಳಿದುಹೋಗುತ್ತದೆ. ನಾನು ದಲಿತಳು. ನಮ್ಮ ಓಣಿಯ ಹೆಸರು ಕೇಳಿದ ಮೇಲೆ ಒಬ್ಬರಿಗೆ ತಮ್ಮ ಬರುವವನಿದ್ದ. ಇನ್ನೊಬ್ಬರಿಗೆ ಸುಣ್ಣ ಬಣ್ಣ ಮಾಡಿಸುವುದಿತ್ತು. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಮಾತ್ರ ಅವರ ಗೇಟಿಗೆ ಎಷ್ಟೋ ದಿನ ಹಾಗೇ ಇತ್ತು.

ಕೊನೆಗೆ ಗೆಳತಿಯೊಬ್ಬಳು ಪ್ರೀತಿಯಿಂದಲೇ ಹೇಳಿದಳು, "ನನ್ನ ಹೆಸರಲ್ಲೇ ಕರಾರು ಮಾಡಸ್ತೀನಿ. ನೀ ಸುಮ್ನ ನಮ್ಮ ಜೋಡಿ ಇರು. ಯಾರು ಕೇಳ್ತಾರ?"

ಮನೆ ಸಿಕ್ಕಿತು. ಜೇವರ್ಗಿ ರಸ್ತೆಯ ಕಡೆ, ಎರಡು ಖೋಲಿ, ಶಹಾಬಾದ್ ಕಲ್ಲಿನ ನೆಲ. ಮನೆ ಚೆನ್ನಾಗಿತ್ತು. ಆದರೆ ಯಾರು ಕೇಳ್ತಾರ ಅಂದರೆ, ಎಲ್ಲರೂ ಕೇಳಿದರು. ನಲ್ಲಿಗೆ ನೀರು ಬಂದಾಗ ಕೊಡ ಹಿಡಿದು ನಿಂತರೆ ಪಕ್ಕದ ಮನೆಯವರು ಕೇಳಿದರು. ಹಬ್ಬಕ್ಕೆ ಊರಿಗೆ ಹೊರಟರೆ ನಿಮ್ಮಲ್ಲಿ ಏನೇನು ಮಾಡ್ತೀರಿ ಅಂತ ಕೇಳಿದರು.

ಒಂದು ಸಲ ಅವ್ವ ಊರಿಂದ ಬಂದಳು. ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ, ಕೈಚೀಲದಲ್ಲಿ ತೊಗರಿಬೇಳೆ. ಮೆಟ್ಟಿಲ ಹತ್ತಿರ ಮನೆಯ ಮಾಲಕಿ ಎದುರಾಗಿ "ಯಾ ಮಂದಿ ರೀ ನೀವು?" ಅಂದರು. ಅವ್ವ ಬಾಯಿ ತೆರೆಯುವ ಮೊದಲೇ ನನ್ನ ಗೆಳತಿ "ನಮ್ಮ ಮಂದೀನೇ ರೀ" ಅಂದುಬಿಟ್ಟಳು. ನನ್ನನ್ನು ಉಳಿಸಲು ಆಡಿದ ಮಾತು ಅದು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಒಳಗೆ ಬಂದು ರೊಟ್ಟಿ ಗಂಟು ಬಿಚ್ಚುತ್ತಾ ಅವ್ವ ಕೇಳಿದಳು, "ಬಾಡಿಗಿ ನೀನೂ ಕೊಡ್ತಿ ಅಲ್ಲ?" ಆಮೇಲೆ ಏನೂ ಕೇಳಲಿಲ್ಲ.

ಕೊಡುತ್ತಿದ್ದೆ. ಮೂರರಲ್ಲಿ ಒಂದು ಪಾಲು, ತಿಂಗಳು ತಪ್ಪದೆ. ಆದರೂ ಆ ಮನೆಯಲ್ಲಿ ಬಂದುಹೋಗುವ ಬೀಗರ ಹಾಗೆ ಇದ್ದೆ. ಬಾಬಾಸಾಹೇಬರ ಫೋಟೊ ಕೊನೆಯವರೆಗೂ ಟ್ರಂಕಿನಲ್ಲೇ ಉಳಿಯಿತು.

ಆಮೇಲೆ ಆ ಗೆಳತಿಗೆ ಬೀದರ್‌ನಲ್ಲಿ ಕೆಲಸ ಸಿಕ್ಕಿತು. ಡಿಪಾಸಿಟ್ ಅವಳ ಖಾತೆಗೆ ಬಂತು, ನಮ್ಮ ಪಾಲನ್ನು ಅವತ್ತೇ ಪೈಸೆ ಬಿಡದೆ ಕೊಟ್ಟಳು. ಅಂಥ ಒಳ್ಳೆಯವಳು. ಆದರೆ ಮಾಲಕರು ಹೇಳಿದ್ದು, "ಕರಾರು ಆಕಿ ಹೆಸರಲ್ಲಿತ್ತು, ಆಕಿ ಹೋದಳು, ನೀವೂ ಖಾಲಿ ಮಾಡ್ರಿ." ಮೇ ತಿಂಗಳ ಬಿಸಿಲು. ನಾವಿಬ್ಬರು ಗ್ಯಾಸು, ಕೂಲರು, ಗಾದಿ ಹೊತ್ತು ಎಲ್ಲಿಗೆ ಹೋಗುವುದು? ಎದುರು ಮಾತಾಡೋಣ ಅಂದರೆ ನಾವು ಬಾಡಿಗೆದಾರರು ಅನ್ನುವುದಕ್ಕೆ ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಗೆಳತಿ ಎಷ್ಟು ಒಳ್ಳೆಯವಳಾದರೂ ಕಾಗದದ ಕೆಲಸ ಕಾಗದವೇ ಮಾಡಬೇಕು.

ಕಾಗದ ಕಷ್ಟದ್ದೇನಲ್ಲ. ನಮ್ಮಲ್ಲಿ ಸಾಮಾನ್ಯವಾಗಿ 11 ತಿಂಗಳಿಗೆ ಕರಾರು ಮಾಡುತ್ತಾರೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಖರ್ಚು ಓಡಾಟ ಬೇಡ ಅಂತ ಹಾಗೆ. ಅದೇ ಕಾಗದದಲ್ಲಿ ಮೂವರ ಹೆಸರು, ಮೂವರ ಸಹಿ. ಡಿಪಾಸಿಟ್‌ನಲ್ಲಿ ಯಾರ ಪಾಲು ಎಷ್ಟು ಅಂತಲೂ ಬರೆಸಿ. ಒಬ್ಬರು ಬಿಟ್ಟರೆ ಉಳಿದವರ ಕರಾರು ಮುಂದುವರಿಯುತ್ತದೆ, ಹೊಸದಾಗಿ ಬಂದವರು ಬಿಟ್ಟವರ ಪಾಲು ಕೊಡುತ್ತಾರೆ ಅಂತ ಎರಡು ಸಾಲು ಸೇರಿಸಿ. ಹೆಸರು ಬಂದ ಮೇಲೆ ಬಾಡಿಗೆ ಬಾಕಿಯ ಹೊಣೆಯೂ ಎಲ್ಲರ ಮೇಲೆ ಬರುತ್ತದೆ, ಅದೂ ಸರಿಯೇ.

ಕರೆಂಟಿನ ವಿಷಯ ಒಂದಿದೆ. 2023ರಲ್ಲಿ ಬಂದ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ, ಬಾಡಿಗೆ ಮನೆಯವರಿಗೂ ಸಿಗುತ್ತದೆ, ಆದರೆ ಮೀಟರಿಗೆ ಒಬ್ಬರ ಆಧಾರ್ ಜೋಡಿಸಬೇಕು. ಅವರು ಮನೆ ಬಿಟ್ಟರೆ ಬದಲಾಯಿಸಲು ಇನ್ನೊಬ್ಬರ ಹೆಸರು ಕರಾರಿನಲ್ಲಿದ್ದರೆ ಕೆಲಸ ಸುಲಭ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮ ಮೇಲೇ ಬರುತ್ತದೆ. ನಮ್ಮ ಬೇಸಿಗೆಗೆ ಹಗಲು ರಾತ್ರಿ ಕೂಲರ್ ಓಡುತ್ತದೆ ಅಲ್ವಾ, ಎರಡು ಖೋಲಿಗೆ ಎರಡು ಇಟ್ಟರೆ ಮೀಟರ್ ಮೇಲೆ ಕಣ್ಣಿರಲಿ.

'ಮನೆ ಅವರದ್ದು, ಯಾರಿಗೆ ಕೊಡಬೇಕು ಅನ್ನೋದು ಅವರಿಷ್ಟ' ಅಂತ ಹೇಳುವವರಿದ್ದಾರೆ. ಪೂರ್ತಿ ಅವರಿಷ್ಟ ಅಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಯಾವುದೇ ಊರಲ್ಲಿ, ಯಾವುದೇ ಬಡಾವಣೆಯಲ್ಲಿ ಮನೆ ಮಾಡಿ ಇರುವುದಕ್ಕೆ ಅಡ್ಡಿ ಮಾಡಿದರೆ, ಅದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಂತೆ ಅಪರಾಧ. ಕಾಯ್ದೆ ಬಂದು ಇಷ್ಟು ವರ್ಷ ಆಯಿತು. ನಮಗೆ ಇಲ್ಲ ಅಂದ ಎಷ್ಟೋ ಮನೆಗಳ ಗೋಡೆಯ ಮೇಲೆ ಬಸವಣ್ಣನವರ ಫೋಟೊ ನೋಡಿದ್ದೇನೆ. ಬಸವಕಲ್ಯಾಣ ಇಲ್ಲಿಂದ ದೂರವೇನಿಲ್ಲ. 2024ರಲ್ಲಿ ಸರ್ಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿದಾಗ ನಾನೂ ಸಂತೋಷಪಟ್ಟಿದ್ದೇನೆ. ಆ ಫೋಟೊದ ಕೆಳಗೆ ಕೂತು ನನ್ನ ಓಣಿ ಕೇಳಿದಾಗ ಬಹಳ ನೋವಾಗುತ್ತದೆ.

ನಿಜ ಹೇಳಿದರೆ ಮನೆಯೇ ಸಿಗಲ್ಲ ಅನ್ನುತ್ತೀರಾ? ತಡವಾಗುತ್ತದೆ, ಸಿಗುತ್ತದೆ. ಈಗ ನಾವಿರುವುದು ಸೇಡಂ ರಸ್ತೆಯಲ್ಲಿ, ಬುದ್ಧ ವಿಹಾರದ ಕಡೆ. ಮಾಲಕರು ನಿವೃತ್ತ ಮೇಷ್ಟ್ರು. ಎಲ್ಲಿ ಕೆಲಸ ಮಾಡ್ತೀರಿ ಅಂತ ಕೇಳಿದರು, ಆಧಾರ್ ಝೆರಾಕ್ಸ್ ಇಸಕೊಂಡರು, ಮನೆಯವರ ಫೋನ್ ನಂಬರ್ ಬರೆದುಕೊಂಡರು. ಒಬ್ಬ ಮಾಲಕರಿಗೆ ತಿಳಿಯಬೇಕಾದ್ದು ಅಷ್ಟೇ.

ಇದನ್ನು ಮುಖ್ಯವಾಗಿ ಬರೆದದ್ದು ಮನೆ ಸುಲಭವಾಗಿ ಸಿಗುವ ಗೆಳೆಯ ಗೆಳತಿಯರಿಗೆ. ನಮ್ಮಂಥವರು ಹೆಸರು ಬರೀರಿ ಅಂದರೆ ಬಾಗಿಲು ಹಾಕುತ್ತಾರೆ. ನೀವು ಅಂದರೆ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಮಾಲಕರ ಮುಂದೆ ಕೂತಾಗ ಮೊದಲು ನೀವೇ ಹೇಳಿ: "ನಾವು ಮೂವರು ಇರ್ತೀವ್ರಿ, ಮೂವರ ಹೆಸರೂ ಬರೀರಿ." ಒಪ್ಪದಿದ್ದರೆ ಗೆಳತಿಯ ಜೊತೆ ನೀವೂ ಎದ್ದು ಬನ್ನಿ.