ಅಪ್ಪ ಇರುವವರೆಗೂ ಮಗನಿಗೆ ಸ್ವಂತದ್ದು ಏನೂ ಇಲ್ಲ

ಪ್ರಾಚೀನ ರೋಮ್‌ನ ಅಪ್ಪಂದಿರ ಬಗ್ಗೆ ಮಾತು ಬಂದಾಗಲೆಲ್ಲ, ಮಕ್ಕಳನ್ನು ಕೊಲ್ಲುವ ಹಕ್ಕೂ ಅವರಿಗಿತ್ತು ಅನ್ನುವಲ್ಲಿಗೆ ಮಾತು ಮುಗಿದುಬಿಡುತ್ತದೆ. ಕಾನೂನಿನಲ್ಲಿ ಆ ಹಕ್ಕು ಇದ್ದದ್ದು ನಿಜ. ಆದರೆ ನನ್ನನ್ನು ಜಾಸ್ತಿ ಕಾಡುವುದು ದುಡ್ಡಿನ ವಿಷಯ.

ಅಪ್ಪ ಬದುಕಿರುವವರೆಗೂ ಮಗ ಅವನ ಅಧೀನ. ವಯಸ್ಸೆಷ್ಟಾದರೂ ಸರಿ, ಮದುವೆಯಾಗಿ ಮಕ್ಕಳಾದರೂ ಸರಿ. ತಾತ ಇದ್ದರೆ ಅಪ್ಪ, ಮಗ ಇಬ್ಬರೂ ತಾತನ ಕೈಕೆಳಗೆ. ಮಗ ದುಡಿದದ್ದೆಲ್ಲ ಆ ಮನೆಯ ಹಿರಿಯನಿಗೇ ಸೇರಬೇಕು. ಖರ್ಚಿಗೋ ವ್ಯಾಪಾರಕ್ಕೋ ಅಂತ ಒಂದಿಷ್ಟು ಬಿಟ್ಟುಕೊಡುತ್ತಿದ್ದರು, ಅದಕ್ಕೆ ಪೆಕ್ಯೂಲಿಯಂ ಅಂತ ಹೆಸರು. ಬೇಡ ಅನ್ನಿಸಿದ ದಿನ ಅದನ್ನೂ ವಾಪಸ್ ತೆಗೆದುಕೊಳ್ಳಬಹುದು. ಗುಲಾಮನಿಗೆ ಕೊಡುತ್ತಿದ್ದದ್ದೂ ಇದೇ ಪೆಕ್ಯೂಲಿಯಂ! ಮಗ ರೋಮ್‌ನ ಅತಿ ದೊಡ್ಡ ಅಧಿಕಾರಿಯಾದ ಕಾನ್ಸಲ್ ಆಗಿ ಸೈನ್ಯ ನಡೆಸುತ್ತಿದ್ದರೂ ಅವನ ಹೆಸರಿಗೆ ಒಂದು ತುಂಡು ಹೊಲ ಇರುವ ಹಾಗಿರಲಿಲ್ಲ.

ಇದರಿಂದ ಏನಾಗುತ್ತದೆ? ಮಗ ಸಾಲ ಮಾಡುತ್ತಾನೆ. ಅಪ್ಪ ಸತ್ತು ಆಸ್ತಿ ಕೈಗೆ ಬಂದ ಮೇಲೆ ವಸೂಲಿ ಮಾಡೋಣ ಅಂತ ಸಾಲ ಕೊಟ್ಟವನು ಕಾಯುತ್ತಾನೆ. ಚಕ್ರವರ್ತಿ ವೆಸ್ಪೇಷಿಯನ್ ಕಾಲದಲ್ಲಿ, ಸಾಲವೂ ಒಂದು ಕಾರಣವಾಗಿ ಅಪರಾಧಕ್ಕಿಳಿದ ಮ್ಯಾಸೆಡೋ ಎಂಬವನ ಪ್ರಕರಣದ ನಂತರ, ರೋಮ್‌ನ ಹಿರಿಯರ ಸಭೆಯಾದ ಸೆನೆಟ್ ಒಂದು ನಿರ್ಣಯ ಮಾಡಿತು. ಅಪ್ಪನ ಅಧೀನದಲ್ಲಿರುವ ಮಗನಿಗೆ ಕೊಟ್ಟ ಸಾಲಕ್ಕೆ ದಾವೆ ಹೂಡುವಂತಿಲ್ಲ, ಅಪ್ಪ ಸತ್ತ ಮೇಲೂ ಇಲ್ಲ. ಅಪ್ಪನ ಸಾವಿಗೆ ಕಾದು ಕೂತು ಪ್ರಯೋಜನವಿಲ್ಲ ಎಂದು ಬಡ್ಡಿ ವ್ಯಾಪಾರಿಗಳಿಗೆ ತಿಳಿಯಲಿ ಅಂತ ಆ ನಿರ್ಣಯದಲ್ಲೇ ಬರೆದಿದ್ದರು. ಎಂಥ ಮನೆಗಳಿರಬೇಕು ಅವು! ತಪ್ಪೆಲ್ಲ ಸಾಲ ಕೊಟ್ಟವನದು ಅಂತಾಯಿತು. ಬೆಳೆದ ಮಗನ ಕೈ ಖಾಲಿ ಇಟ್ಟ ಕಾನೂನನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಹೆಣ್ಣುಮಕ್ಕಳ ಪಾಡೂ ಇದೇ. ಮದುವೆಯಾದ ಮೇಲೂ ಅಪ್ಪನ ಅಧೀನದಲ್ಲೇ ಉಳಿದವಳನ್ನು, ಚೆನ್ನಾಗಿ ಸಂಸಾರ ಮಾಡಿಕೊಂಡಿದ್ದರೂ, ಅಪ್ಪ ಗಂಡನಿಂದ ಬಿಡಿಸಿಕೊಂಡು ಬರಬಹುದಿತ್ತು. ಅದನ್ನು ತಡೆದವನು ಎರಡನೇ ಶತಮಾನದ ಚಕ್ರವರ್ತಿ ಆಂಟೊನೈನಸ್ ಪಯಸ್.

ರೋಮ್‌ನಲ್ಲಿ ಅಪ್ಪಂದಿರು ಪ್ರೀತಿಸುತ್ತಿರಲಿಲ್ಲವೇ ಅಂತ ಕೇಳಬಹುದು. ಖಂಡಿತ ಪ್ರೀತಿಸುತ್ತಿದ್ದರು. ಮಗಳು ಟುಲಿಯಾ ಕ್ರಿ.ಪೂ. 45ರಲ್ಲಿ ತೀರಿಕೊಂಡಾಗ ರೋಮ್‌ನ ಹೆಸರಾಂತ ವಾಗ್ಮಿ ಸಿಸೆರೋ ಬರೆದ ಪತ್ರಗಳನ್ನು ಇವತ್ತು ಓದಿದರೂ ಕರುಳು ಹಿಂಡುತ್ತದೆ. ಊರಿನ ಜನಕ್ಕೂ ಒಂದು ಮಿತಿ ಗೊತ್ತಿತ್ತು. ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಒಬ್ಬ ಶ್ರೀಮಂತ ಮಗನನ್ನು ಚಾವಟಿಯಿಂದ ಹೊಡೆದು ಕೊಂದ. ಊರ ಚೌಕವಾದ ಫೋರಂನಲ್ಲಿ ಜನ ಬರೆಯುವ ಕಡ್ಡಿಗಳಿಂದಲೇ ಅವನನ್ನು ಚುಚ್ಚಿದರು ಅಂತ ತತ್ವಜ್ಞಾನಿ ಸೆನೆಕಾ ಬರೆದಿದ್ದಾನೆ. ಆ ಗುಂಪಿನಲ್ಲಿ ಮಕ್ಕಳಷ್ಟೇ ಅಲ್ಲ, ಅಪ್ಪಂದಿರೂ ಇದ್ದರು. ಅಗಸ್ಟಸ್‌ನ ಅಧಿಕಾರವೂ ಅವನನ್ನು ಉಳಿಸಲು ಕಷ್ಟಪಡಬೇಕಾಯಿತು.

ಆದರೆ ಒಳ್ಳೆ ಅಪ್ಪ ಸಿಗುವುದು ಅದೃಷ್ಟ. ಕಾನೂನು ಬೇಕಾಗುವುದು ಅದೃಷ್ಟ ಇಲ್ಲದವರಿಗೆ, ಅಲ್ವಾ? ಸೈನ್ಯದಲ್ಲಿ ಗಳಿಸಿದ್ದನ್ನು ಮಗನೇ ಇಟ್ಟುಕೊಳ್ಳಲಿ ಅಂತ ಅಗಸ್ಟಸ್ ಸೈನಿಕರಿಗಷ್ಟೇ ಬಿಟ್ಟುಕೊಟ್ಟ. ಮಿಕ್ಕವರು ಹೊರಗೆ ದುಡಿದದ್ದು ಅವರದೇ ಅಂತಾಗಿದ್ದು ಆರನೇ ಶತಮಾನದಲ್ಲಿ, ಜಸ್ಟಿನಿಯನ್ ಆಳುವಾಗ. ರೋಮ್‌ನ ಮೊದಲ ಲಿಖಿತ ಕಾನೂನಾದ ಹನ್ನೆರಡು ಫಲಕಗಳ ಕಾನೂನು ಬಂದು ಆಗಲೇ ಸಾವಿರ ವರ್ಷದ ಹತ್ತಿರ. ಆಗಲೂ ಆ ಗಳಿಕೆಯ ಆದಾಯ ಅನುಭವಿಸುವ ಹಕ್ಕನ್ನು ಅಪ್ಪನಿಗೇ ಉಳಿಸಿದರು.